ಮಂಗಳವಾರದ ಕೂಟ, ಗುರುವಾರದ ಕೂಟ ಮತ್ತು ಥೇಮ್ಸ್ ದಂಡೆಯ ಮೂವರು

ಪೊಲೀಸರು ಬಾಗಿಲು ತಟ್ಟಿದರೆ ಒಳಗಿನವರು ತೆರೆಯಲೇಬೇಕು. ಕೈಯಲ್ಲಿ ಹೆಣಿಗೆ ಹಿಡಿದ ಅಜ್ಜಿಯೊಬ್ಬಳು ಬಂದು ತಟ್ಟಿದರೆ? ಅವಳ ಪ್ರಶ್ನೆಗಳಿಗೆ ಯಾರಾದರೂ ಯಾಕೆ ಉತ್ತರ ಕೊಡಬೇಕು? ಹವ್ಯಾಸಿ ಪತ್ತೇದಾರರ ಪುಸ್ತಕ ಕೈಗೆತ್ತಿಕೊಂಡಾಗಲೆಲ್ಲ ನಾನು ಮೊದಲು ನೋಡುವುದು ಇದನ್ನೇ. ಕೊಲೆಗಾರ ಯಾರು ಅನ್ನುವುದು ಆಮೇಲಿನ ಮಾತು.

ಇತ್ತೀಚೆಗೆ ಈ ಜಾತಿಯ ಮೂರು ಇಂಗ್ಲಿಷ್ ಪುಸ್ತಕಗಳನ್ನು ಒಂದರ ಬೆನ್ನಿಗೆ ಒಂದು ಓದಿದೆ. ರಿಚರ್ಡ್ ಆಸ್ಮನ್ ಅವರ ‘ದಿ ಥರ್ಸ್‌ಡೇ ಮರ್ಡರ್ ಕ್ಲಬ್’ (2020), ರಾಬರ್ಟ್ ಥೊರೊಗುಡ್ ಅವರ ‘ದಿ ಮಾರ್ಲೋ ಮರ್ಡರ್ ಕ್ಲಬ್’ (2021), ಇವೆರಡಕ್ಕೂ ಹಿರಿಯಜ್ಜಿಯ ಹಾಗಿರುವ ಅಗಾಥಾ ಕ್ರಿಸ್ಟಿಯ ‘ದಿ ಥರ್ಟೀನ್ ಪ್ರಾಬ್ಲಮ್ಸ್’ (1932). ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು, ಅನುಮಾನ ಬಂದವರ ಹೆಸರು ಗುರುತು ಹಾಕಿಕೊಳ್ಳುತ್ತ ಓದಿದೆ. ನನ್ನ ಜೊತೆಗೆ ಅಕ್ಕನೂ ಒಬ್ಬ ಗೆಳತಿಯೂ ಓದಿದರು. ಮೂವರಲ್ಲಿ ಒಮ್ಮತ ಮೂಡಲಿಲ್ಲ. ಯಾರು ಕೊಂದರು ಅನ್ನುವುದನ್ನು ಇಲ್ಲಿ ಎಲ್ಲೂ ಹೇಳುವುದಿಲ್ಲ, ನಿಶ್ಚಿಂತೆಯಿಂದ ಓದಬಹುದು.

ಮೊದಲು ಗುರುವಾರದವರು. ಇಂಗ್ಲೆಂಡಿನ ಕೆಂಟ್ ಸೀಮೆಯಲ್ಲಿ ಕೂಪರ್ಸ್ ಚೇಸ್ ಎಂಬ ನಿವೃತ್ತರ ವಸತಿ. ಹಿಂದೆ ಕ್ರೈಸ್ತ ಸನ್ಯಾಸಿನಿಯರ ಮಠವಿದ್ದ ಜಾಗ ಅದು. ಅಲ್ಲಿ ಪ್ರತಿ ಗುರುವಾರ ನಾಲ್ವರು ಸೇರಿ, ಪೊಲೀಸರು ಬಿಡಿಸಲಾಗದೆ ಕೈಬಿಟ್ಟ ಹಳೆಯ ಕೊಲೆ ಪ್ರಕರಣಗಳ ಕಡತ ಬಿಡಿಸುತ್ತಾರೆ. ಗುಪ್ತಚರ ಕೆಲಸದಲ್ಲಿ ಪಳಗಿದ ಎಲಿಜಬೆತ್, ನರ್ಸ್ ಆಗಿದ್ದ ಜಾಯ್ಸ್, ಮನೋವೈದ್ಯ ಇಬ್ರಾಹಿಂ, ಕಾರ್ಮಿಕ ನಾಯಕ ರಾನ್. ಯಾರೂ ಬಂದು ಕದಡದಿರಲಿ ಎಂದು ಆ ಕೋಣೆಯನ್ನು ‘ಜಪಾನಿ ಒಪೆರಾ: ಒಂದು ಚರ್ಚೆ’ ಎಂಬ ಹೆಸರಿನಲ್ಲಿ ಕಾದಿರಿಸುತ್ತಾರೆ. ಈ ಒಂದು ವಿವರಕ್ಕೇ ನಾನು ಪುಸ್ತಕಕ್ಕೆ ಒಲಿದೆ. ವಯಸ್ಸಾದವರು ಏನು ಮಾಡುತ್ತಿದ್ದಾರೆಂದು ಯಾರೂ ಇಣುಕಿ ನೋಡುವುದಿಲ್ಲ ಅನ್ನುವುದು ಅವರಿಗೆ ಗೊತ್ತು, ಅದನ್ನೇ ಅವರು ಬಂಡವಾಳ ಮಾಡಿಕೊಳ್ಳುತ್ತಾರೆ.

ಅವರಿಗೆ ಪ್ರಶ್ನೆ ಕೇಳುವ ಹಕ್ಕು ಎಲ್ಲಿಂದ ಬಂತು? ಆಸ್ಮನ್ ಉತ್ತರ ಗಟ್ಟಿಯಾಗಿದೆ. ಆ ಕಡತಗಳು ಪೆನ್ನಿ ಎಂಬ ಮಾಜಿ ಪೊಲೀಸ್ ಅಧಿಕಾರಿಯವು. ಎಲಿಜಬೆತ್ ಜೊತೆಗೂಡಿ ಕೂಟ ಕಟ್ಟಿದ್ದು ಅವಳೇ. ಈಗ ಅವಳು ಅದೇ ಆವರಣದ ಶುಶ್ರೂಷಾ ವಿಭಾಗದಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾಳೆ. ಮುಂದೆ ನಿಜವಾದ ಕೊಲೆಯೇ ನಡೆದಾಗ ಈ ನಾಲ್ವರು ಪೊಲೀಸರ ಮುಂದೆ ಅಂಗಲಾಚುವುದಿಲ್ಲ, ವ್ಯವಹಾರ ಕುದುರಿಸುತ್ತಾರೆ. ಮನೆ ಸುರಕ್ಷತೆಯ ಬಗ್ಗೆ ಭಾಷಣ ಮಾಡಲು ಬಂದ ಡೊನ್ನಾ ಎಂಬ ಕಿರಿಯ ಪೇದೆಯನ್ನು ತನಿಖಾ ತಂಡದೊಳಕ್ಕೆ ಸೇರಿಸಿ, ಬದಲಿಗೆ ಅವಳಿಂದ ಮಾಹಿತಿ ಪಡೆಯುತ್ತಾರೆ. ಕೊಡು-ಕೊಳ್ಳುವಿಕೆ ಇರುವುದರಿಂದ ನಂಬಿಕೆ ಹುಟ್ಟುತ್ತದೆ.

ಆದರೆ ಒಗಟಿನ ವಿಷಯಕ್ಕೆ ಬಂದರೆ ನನ್ನ ಹಾಳೆ ಕಲಸಿಹೋಯಿತು. ಪುಸ್ತಕದ ಅರ್ಧಕ್ಕೆ ಬರುವಾಗ ಹೆಸರುಗಳು ಇಪ್ಪತ್ತು ದಾಟಿದ್ದವು. ಹಳೆಯ ಕೊಲೆ, ಹೊಸ ಕೊಲೆ, ಅಗೆದಾಗ ಸಿಕ್ಕ ಎಲುಬು ಎಲ್ಲಕ್ಕೂ ಕೊನೆಯಲ್ಲಿ ಬೇರೆ ಬೇರೆ ಉತ್ತರಗಳು. ಕೆಲವಕ್ಕೆ ಸುಳಿವು ಮೊದಲೇ ಇತ್ತು, ಕೆಲವು ತಪ್ಪೊಪ್ಪಿಗೆಯ ರೂಪದಲ್ಲಿ ಮಡಿಲಿಗೆ ಬಂದು ಬಿದ್ದವು. ಅಕ್ಕನ ದೂರು ಇದೇ: “ನಾನು ಹುಡುಕಬೇಕಾಗಿದ್ದದ್ದನ್ನು ಅವರೇ ಬಂದು ಹೇಳಿಬಿಟ್ಟರೆ ನನಗೇನು ಕೆಲಸ?” ಅವಳ ಮಾತು ಸರಿ, ಒಪ್ಪುತ್ತೇನೆ. ಓದುಗರ ಎದುರು ಎಲ್ಲ ಸುಳಿವನ್ನೂ ಇಡಲೇಬೇಕು ಎಂದು ಪತ್ತೇದಾರಿ ಕಥೆಗಾರ ರೊನಾಲ್ಡ್ ನಾಕ್ಸ್ 1929ರಲ್ಲೇ ಹತ್ತು ಕಟ್ಟಳೆ ಬರೆದಿಟ್ಟಿದ್ದರು. ಆ ಅಳತೆಗೋಲಿಗೆ ಈ ಪುಸ್ತಕ ಪೂರ್ತಿ ಒಗ್ಗುವುದಿಲ್ಲ.

ಗೆಳತಿ ಮಾತ್ರ ಜಾಯ್ಸ್‌ಳ ಡೈರಿಗೆ ಮನಸೋತಳು. ನಡುನಡುವೆ ಜಾಯ್ಸ್ ತಾನೇ ಬರೆದ ಪುಟಗಳು ಬರುತ್ತವೆ. ಕೊಲೆಯ ಸುದ್ದಿಯಿಂದ ಕೇಕಿಗೆ, ಕೇಕಿನಿಂದ ಮಗಳಿಗೆ, ಮಗಳಿಂದ ಮತ್ತೆ ಕೊಲೆಗೆ ಅವಳ ಮಾತು ಹರಿಯುತ್ತದೆ. ಹಾಗೆ ಹರಿಯುವಾಗಲೇ ಗಂಡ ಸತ್ತ ಮೇಲಿನ ಅವಳ ಒಂಟಿತನ ಒಂದು ಸಾಲಿನಲ್ಲಿ ಕಂಡು ಮರೆಯಾಗುತ್ತದೆ. ಇನ್ನೊಂದು ಕಡೆ ಎಲಿಜಬೆತ್‌ಳ ಗಂಡ ಸ್ಟೀಫನ್ ಮರೆವಿನ ಕಾಯಿಲೆಯಲ್ಲಿ ದಿನದಿನಕ್ಕೂ ಸ್ವಲ್ಪ ಸ್ವಲ್ಪ ಕರಗುತ್ತಿದ್ದಾನೆ. ಲೋಕದ ಗುಟ್ಟುಗಳನ್ನೆಲ್ಲ ಬಯಲಿಗೆಳೆಯಬಲ್ಲ ಹೆಂಗಸು ಮನೆಯಲ್ಲಿ ಗಂಡನ ಸ್ಥಿತಿಯನ್ನು ಊರಿಗೆ ಕಾಣದಂತೆ ಮುಚ್ಚಿಡುತ್ತಾಳೆ. ಈ ಭಾಗಗಳಲ್ಲಿ ನಾನು ಹಾಳೆ, ಪೆನ್ಸಿಲು ಎರಡನ್ನೂ ಮರೆತಿದ್ದೆ.

ಮಾರ್ಲೋ ಪುಸ್ತಕ ಇದಕ್ಕೆ ನೇರ ಎದುರಾಳಿ. ಹೆಸರೂ ಅಕ್ಕಪಕ್ಕದ್ದು, ಬಂದದ್ದೂ ಒಂದೇ ವರ್ಷದ ಅಂತರದಲ್ಲಿ. ಥೇಮ್ಸ್ ದಡದ ಊರು ಮಾರ್ಲೋ. ಎಪ್ಪತ್ತೇಳು ವರ್ಷದ ಜೂಡಿತ್ ಪಾಟ್ಸ್ ಪತ್ರಿಕೆಗಳಿಗೆ ಪದಬಂಧ ರಚಿಸುವವಳು. ನದಿಯಲ್ಲಿ ಈಜುತ್ತಿದ್ದಾಗ ಆಚೆ ದಡದ ನೆರೆಯವನ ಮನೆಯಿಂದ ಗುಂಡಿನ ಸದ್ದು ಕೇಳುತ್ತಾಳೆ. ಪೊಲೀಸರು ಅವಳ ಮಾತಿಗೆ ಬೆಲೆ ಕೊಡುವುದಿಲ್ಲ. ಅವಳು ಬಿಡುವುದಿಲ್ಲ. ನಾಯಿಗಳನ್ನು ನಡೆದಾಡಿಸುವ ಸೂಜಿ, ಪಾದ್ರಿಯ ಹೆಂಡತಿ ಬೆಕ್ಸ್ ಜೊತೆ ಸೇರುತ್ತಾರೆ. ಥೊರೊಗುಡ್ ‘ಡೆತ್ ಇನ್ ಪ್ಯಾರಡೈಸ್’ ಟೀವಿ ಸರಣಿಯ ಸೃಷ್ಟಿಕರ್ತರು, ಅದು ಪ್ರತಿ ಅಧ್ಯಾಯದ ಕೊನೆಯಲ್ಲಿ ಗೊತ್ತಾಗುತ್ತದೆ. ಪುಟ ಮಡಚಿ ಮಲಗಲು ಬಿಡುವುದಿಲ್ಲ. ಪಾತ್ರಗಳು ಕಡಿಮೆ, ಒಗಟು ಅಚ್ಚುಕಟ್ಟು. ನನ್ನ ಹಾಳೆಯಲ್ಲಿ ಏಳೇ ಹೆಸರು, ಕೊಲೆಗಳ ಹಿಂದಿನ ಸಂಚಿನ ಅರ್ಧದಷ್ಟನ್ನು ಊಹಿಸಿದ್ದೆ. ಅಕ್ಕನ ಆಯ್ಕೆ ಇದೇ. ನನಗೆ ಮಾತ್ರ ಮೂವರು ಗೆಳತಿಯರಾಗುವ ಬಗೆ ಅವಸರದ್ದೆನಿಸಿತು. ಬೆಕ್ಸ್ ಒಬ್ಬಳೇ ಮನಸ್ಸಿನಲ್ಲಿ ನಿಂತಳು. ಮನೆ ಒಪ್ಪವಾಗಿಡುವುದೇ ಬದುಕೆಂದುಕೊಂಡಿದ್ದವಳು ತನ್ನ ಧೈರ್ಯವನ್ನು ತಾನೇ ಕಂಡುಕೊಳ್ಳುವುದು ನಿಜಕ್ಕೂ ಚೆನ್ನಾಗಿದೆ.

ಇನ್ನು ಮಂಗಳವಾರ, ಅಂದರೆ ಕ್ರಿಸ್ಟಿಯ ‘ದಿ ಥರ್ಟೀನ್ ಪ್ರಾಬ್ಲಮ್ಸ್’. ಕೊಲೆಗಳ ಬಗ್ಗೆ ಮಾತಾಡಲು ವಾರಕ್ಕೊಮ್ಮೆ ಸೇರುವ ಕೂಟ ಆಸ್ಮನ್ ಅವರಿಗಿಂತ ತೊಂಬತ್ತಕ್ಕೂ ಹೆಚ್ಚು ವರ್ಷ ಹಿಂದೆಯೇ ಕ್ರಿಸ್ಟಿಗೆ ಹೊಳೆದಿತ್ತು. ‘ಟ್ಯೂಸ್‌ಡೇ ನೈಟ್ ಕ್ಲಬ್’ ಕಥೆ ಪತ್ರಿಕೆಯಲ್ಲಿ ಬಂದದ್ದು 1927ರಲ್ಲಿ. ಕ್ರಿಸ್ಟಿಯ ಪತ್ತೇದಾರಿ ಅಜ್ಜಿ ಮಿಸ್ ಮಾರ್ಪಲ್ ಲೋಕಕ್ಕೆ ಮೊದಲು ಕಾಣಿಸಿಕೊಂಡದ್ದೂ ಅಲ್ಲೇ. ಅವಳದೇ ಮನೆಯಲ್ಲಿ ಲೇಖಕ, ಕಲಾವಿದೆ, ಪಾದ್ರಿ, ವಕೀಲ, ಸ್ಕಾಟ್ಲೆಂಡ್ ಯಾರ್ಡಿನ ಮಾಜಿ ಮುಖ್ಯಸ್ಥ ಇಷ್ಟು ಮಂದಿ ಸೇರಿ ತಮಗೆ ಗೊತ್ತಿರುವ ಒಂದೊಂದು ಪ್ರಕರಣ ಹೇಳಬೇಕು, ಉಳಿದವರು ಬಿಡಿಸಬೇಕು. ಮೂಲೆಯಲ್ಲಿ ಹೆಣೆಯುತ್ತ ಕುಳಿತ ಮನೆಯೊಡತಿಯನ್ನು ಲೆಕ್ಕಕ್ಕೆ ಹಿಡಿಯುವುದೇ ಅವರಿಗೆ ಮರೆತುಹೋಗುತ್ತದೆ. (ಆ ಕಲಾವಿದೆಯ ಹೆಸರೂ ಜಾಯ್ಸ್. ಎರಡು ಪುಸ್ತಕ ಒಟ್ಟಿಗೆ ಓದುವಾಗ ಅದನ್ನು ಕಂಡು ಖುಷಿಯಾಯಿತು.)

ಇಲ್ಲಿ ಬಾಗಿಲು ತಟ್ಟುವ ಪ್ರಶ್ನೆಯೇ ಹುಟ್ಟುವುದಿಲ್ಲ. ಪ್ರಕರಣವೇ ಅವಳ ಕುರ್ಚಿಯ ಬಳಿಗೆ ಬರುತ್ತದೆ. ಅವಳ ಆಯುಧ ಹೋಲಿಕೆ. ಮೊದಲ ಕಥೆಗೂ ಮುನ್ನ, ಹೆಂಗಸೊಬ್ಬಳು ಅಂಗಡಿಯಲ್ಲಿ ಕೊಂಡ ಸೀಗಡಿ ಮನೆ ತಲುಪುವಷ್ಟರಲ್ಲಿ ಕಾಣೆಯಾದ ವಿಷಯ ಎತ್ತುತ್ತಾಳೆ. ಉಳಿದವರಿಗೆ ಅದು ಹರಟೆ. ಅವಳಿಗೆ ಮನುಷ್ಯಸ್ವಭಾವದ ಪಾಠ. ಸೇಂಟ್ ಮೇರಿ ಮೀಡ್ ಎಂಬ ಪುಟ್ಟ ಹಳ್ಳಿಯಲ್ಲಿ ಕಂಡದ್ದೇ ಲೋಕದ ಎಲ್ಲೆಡೆಯೂ ಇರುತ್ತದೆ ಅನ್ನುವುದು ಅವಳ ನಂಬಿಕೆ. ಆ ಮೊದಲ ಕಥೆಯ ಸುಳಿವು ಬ್ಲಾಟಿಂಗ್ ಕಾಗದದ ಮೇಲೆ ಉಳಿದ ಕೆಲವೇ ಪದಗಳು. ಗಂಡಸರೆಲ್ಲ ಅದನ್ನು ಹಣದ ಲೆಕ್ಕದಲ್ಲಿ ಓದುತ್ತಾರೆ, ಅಡುಗೆಮನೆ ಬಲ್ಲವಳು ಬೇರೆ ಓದುತ್ತಾಳೆ. ಸುಳಿವು ನನ್ನ ಕಣ್ಣೆದುರೇ ಇತ್ತು, ನಾನು ಕಾಣಲಿಲ್ಲ. ಸೋತೆ, ಆದರೆ ಮೋಸ ಹೋದೆ ಅನ್ನಿಸಲಿಲ್ಲ. ಹದಿಮೂರು ಕಥೆಗಳಲ್ಲಿ ನಾನು ಸರಿಯಾಗಿ ಹೇಳಿದ್ದು ಎರಡು.

ಗೆಳತಿಗೆ ಇದು ಒಣಕಲು ಎನಿಸಿತು. ಪಾತ್ರಗಳಿಗೆ ಒಳಬದುಕಿಲ್ಲ, ಎಲ್ಲರೂ ಕುರ್ಚಿಯಲ್ಲಿ ಕೂತು ಮಾತಾಡುತ್ತಾರೆ ಅಂದಳು. ಒಂದೇ ಉಸಿರಿಗೆ ಓದಿದ್ದರಿಂದ ಹಾಗಾಗಿರಬೇಕು. ಮೊದಲ ಆರು ಕಥೆ ಮಂಗಳವಾರದವು, ಮುಂದಿನ ಆರು ಬ್ಯಾಂಟ್ರಿ ದಂಪತಿಯ ಮನೆಯ ಊಟದ ಕೂಟದವು. ದಿನಕ್ಕೆ ಒಂದರಂತೆ ಓದಿದರೆ ರುಚಿ ಬೇರೆ. ಹದಿಮೂರನೆಯದಂತೂ ಬೇರೆಯೇ ಜಾತಿ. ಅದು ಆಟದ ಒಗಟಲ್ಲ. ಹಳ್ಳಿಯ ಹುಡುಗಿಯೊಬ್ಬಳು ನೀರಲ್ಲಿ ಮುಳುಗಿ ಸತ್ತಿದ್ದಾಳೆ, ನಿರಪರಾಧಿಯೊಬ್ಬ ಗಲ್ಲಿಗೇರಬಹುದೆಂಬ ಭಯ ಮಾರ್ಪಲ್‌ಗೆ. ಅವಳ ಬಳಿ ಸಾಕ್ಷ್ಯವಿಲ್ಲ. ಆದ್ದರಿಂದ ಸ್ಕಾಟ್ಲೆಂಡ್ ಯಾರ್ಡಿನ ಆ ಮಾಜಿ ಮುಖ್ಯಸ್ಥ ಸರ್ ಹೆನ್ರಿಯ ಬಳಿ ಹೋಗಿ, ಕೊಲೆಗಾರನೆಂದು ತನಗೆ ತೋರಿದವರ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಕೈಗಿಡುತ್ತಾಳೆ. ಹನ್ನೆರಡು ಸಲ ತನ್ನ ಮಾತು ನಿಜವಾದದ್ದನ್ನು ಕಂಡ ಮನುಷ್ಯ ಹದಿಮೂರನೆಯ ಸಲ ನಂಬಿಯಾನು ಅನ್ನುವ ಭರವಸೆಯೊಂದೇ ಅವಳ ಹಕ್ಕು. ನನ್ನ ಪ್ರಶ್ನೆಗೆ ಮೂರೂ ಪುಸ್ತಕಗಳಲ್ಲಿ ಇದಕ್ಕಿಂತ ಸುಂದರ ಉತ್ತರ ಸಿಗಲಿಲ್ಲ.

ಹಾಗಾಗಿ ಒಗಟಿಗಾಗಿ ಓದುವವರಿಗೆ ನಾನು ಮಂಗಳವಾರವನ್ನೇ ಕೊಡುತ್ತೇನೆ. ಒಂದೇ ರಾತ್ರಿಯಲ್ಲಿ ಮುಗಿಸಬೇಕೆನ್ನುವವರಿಗೆ ಮಾರ್ಲೋ. ಆದರೆ ಮೂರನ್ನೂ ಮುಗಿಸಿದ ಮೇಲೆ ನಾನು ಮತ್ತೆ ತೆರೆದದ್ದು ಗುರುವಾರದ ಪುಸ್ತಕವನ್ನು. ಕೊಲೆಗಾರರು ಯಾರೆಂದು ಈಗ ಗೊತ್ತು, ಹೆಸರು ಬರೆಯುವ ಹಾಳೆಯೂ ಬೇಕಿಲ್ಲ. ಪೆನ್ನಿಯ ಹಾಸಿಗೆಯ ಪಕ್ಕ ಎಲಿಜಬೆತ್ ಕುಳಿತು, ಅವಳು ಕೇಳಿಸಿಕೊಳ್ಳುತ್ತಾಳೋ ಇಲ್ಲವೋ ತಿಳಿಯದೆಯೂ ತನಿಖೆಯ ಸುದ್ದಿಯನ್ನೆಲ್ಲ ಹೇಳುವ ಪುಟಗಳನ್ನು ಎರಡನೇ ಸಲ ನಿಧಾನವಾಗಿ ಓದಿದೆ.