ಜೀವದ ಮೂಲ: ಕಡಲಾಳದ ಬುಗ್ಗೆಯೋ, ನೆಲದ ಮೇಲಿನ ಕೊಳವೋ?

ಜೀವೋತ್ಪತ್ತಿಯ ಕುರಿತು ಪ್ರಬಂಧ ಬರೆಯಲು ಹೊರಟ ವಿದ್ಯಾರ್ಥಿಯ ಮುಂದೆ ಮುಖ್ಯವಾಗಿ ಎರಡು ವಾದಗಳಿವೆ. ಕಡಲಾಳದ ಕ್ಷಾರೀಯ ಬಿಸಿನೀರಿನ ಬುಗ್ಗೆಗಳೇ ಮೂಲವೆನ್ನುವ ಭೂವಿಜ್ಞಾನಿ ಮೈಕೆಲ್ ರಸೆಲ್ ಅವರ ವಾದಕ್ಕೆ 2000ರಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ಪತ್ತೆಯಾದ ‘ಲಾಸ್ಟ್ ಸಿಟಿ’ ಎಂಬ ಇಂಥ ಬುಗ್ಗೆಗಳ ತಾಣ ಬಲ ತಂದಿತು. ಅಂಥ ಬುಗ್ಗೆಯ ನೀರಿಗೂ ಆದಿಭೂಮಿಯ ತುಸು ಆಮ್ಲೀಯ ಕಡಲಿಗೂ ನಡುವೆ ಇದ್ದಿರಬಹುದಾದ ಪ್ರೋಟಾನ್ (ಹೈಡ್ರೋಜನ್ ಅಯಾನು) ಸಾಂದ್ರತೆಯ ಅಂತರವು ಇಂದಿನ ಜೀವಕೋಶಗಳು ಶಕ್ತಿ ಪಡೆಯುವ ಬಗೆಯನ್ನೇ ಹೋಲುತ್ತದೆ. ಆದರೆ ಅಷ್ಟೊಂದು ನೀರಿನಲ್ಲಿ ಅಣುಗಳು ಚದುರಿಹೋಗುತ್ತವೆ. 1871ರ ಪತ್ರವೊಂದರಲ್ಲಿ ಡಾರ್ವಿನ್ ಊಹಿಸಿದ ಬೆಚ್ಚನೆಯ ಪುಟ್ಟ ಕೊಳದಲ್ಲಿ ಈ ತೊಡಕು ಕಡಿಮೆ: ನೀರು ಆರಿದಂತೆ ಅಣುಗಳು ಸಾಂದ್ರಗೊಂಡು ಬೆಸೆಯುತ್ತವೆ, ಮೇಲಾಗಿ 2009ರಲ್ಲಿ ರಸಾಯನವಿಜ್ಞಾನಿ ಜಾನ್ ಸದರ್ಲ್ಯಾಂಡ್ ಅವರ ತಂಡವು ಆನುವಂಶಿಕ ಮಾಹಿತಿ ಹೊರಬಲ್ಲ ಅಣುವಾದ ಆರ್‌ಎನ್‌ಎಯ ನಾಲ್ಕು ಘಟಕಗಳ ಪೈಕಿ ಎರಡನ್ನು ಸರಳ ರಾಸಾಯನಿಕಗಳಿಂದ ರೂಪಿಸಿ ತೋರಿಸಿತು. ಶಕ್ತಿಯ ಪ್ರಶ್ನೆ ಸೆಳೆದರೆ ಬುಗ್ಗೆಯನ್ನು ಆರಿಸಬಹುದು. ಆದಿಭೂಮಿಯಲ್ಲಿ ಒಣನೆಲ ಎಷ್ಟಿತ್ತೆಂಬ ವಿವಾದವಿದ್ದರೂ ನನ್ನ ಒಲವು ಕೊಳದತ್ತಲೇ.