ಎಸ್‌ಡಿಎಲ್2: ಪ್ಯಾಕೇಜಿನಿಂದಲೋ, ಸೋರ್ಸಿನಿಂದಲೋ?

ಹಾಸನದಲ್ಲಿ ನನ್ನ ಬಳಿ ಸಿ ಭಾಷೆ ಕಲಿಯಲು ಬರುವ ವಿದ್ಯಾರ್ಥಿಗಳೊಂದಿಗೆ, ಬೇಲೂರು ಮತ್ತು ಹಳೇಬೀಡಿನ ಶಿಲ್ಪಗಳ ಚಿತ್ರ ತೋರಿಸಿ ಅವುಗಳ ವಿವರಣೆಯನ್ನು ಕನ್ನಡದಲ್ಲಿ ಕೇಳಿಸುವ ಸಣ್ಣ ಪ್ರೋಗ್ರಾಮೊಂದನ್ನು ಬರೆಯಬೇಕಾಗಿತ್ತು. ಅದಕ್ಕೆಂದು, 1998ರಲ್ಲಿ ಸ್ಯಾಮ್ ಲ್ಯಾಂಟಿಂಗಾ ಆರಂಭಿಸಿದ, ಚಿತ್ರ ಮತ್ತು ಧ್ವನಿಗಳನ್ನು ನಿಭಾಯಿಸುವ ಎಸ್‌ಡಿಎಲ್ ಲೈಬ್ರರಿಯ ಎರಡನೇ ಆವೃತ್ತಿಯನ್ನು ಉಬುಂಟು 22.04 ಇರುವ ಎರಡು ಕಂಪ್ಯೂಟರುಗಳಲ್ಲಿ, ಒಂದರಲ್ಲಿ ಪ್ಯಾಕೇಜಿನಿಂದ, ಇನ್ನೊಂದರಲ್ಲಿ ಸೋರ್ಸ್ ಕೋಡಿನಿಂದ, ಸ್ಥಾಪಿಸಿ ನೋಡಿದೆವು.

ಪ್ಯಾಕೇಜಿನ ದಾರಿ ಸುಲಭ. ಬೇರೆ ತಂತ್ರಾಂಶಗಳ ಜೊತೆಗೆ ಮೊದಲೇ ಬಂದಿರಬಹುದಾದ ಎಸ್‌ಡಿಎಲ್ ಲೈಬ್ರರಿಯು ಪ್ರೋಗ್ರಾಮುಗಳನ್ನು ಓಡಿಸಲು ಸಾಕು, ಕಂಪೈಲ್ ಮಾಡಲು ಸಾಲದು; ಕಂಪೈಲ್ ಮಾಡಲು ಬೇಕಾಗುವ ಹೆಡರ್ ಕಡತಗಳು ಸಿಗಬೇಕಾದರೆ ಹೆಸರಿನ ಕೊನೆಯಲ್ಲಿ ‘ಡೆವ್’ ಇರುವ ಪ್ಯಾಕೇಜನ್ನೇ ಉಬುಂಟುವಿನ ಪ್ಯಾಕೇಜ್ ಸಾಧನವಾದ ಆಪ್ಟ್ ಮೂಲಕ ಹಾಕಿಕೊಳ್ಳಬೇಕು. ಅದನ್ನು ಹಾಕಿದ ಮೇಲೂ ಒಬ್ಬ ವಿದ್ಯಾರ್ಥಿನಿಗೆ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂಬ ದೋಷ ಬಂದಿತು. ಆಕೆ ಜಿಸಿಸಿ ಕಂಪೈಲರಿನ ಆದೇಶದಲ್ಲಿ ಲೈಬ್ರರಿಯ ಹೆಸರನ್ನು ತನ್ನ ಸಿ ಕಡತಕ್ಕಿಂತ ಮೊದಲು ಬರೆದಿದ್ದಳು. ಪ್ರೋಗ್ರಾಮಿಗೆ ಲೈಬ್ರರಿಗಳನ್ನು ಜೋಡಿಸುವ ಉಬುಂಟುವಿನ ಲಿಂಕರ್ ಎಡದಿಂದ ಬಲಕ್ಕೆ ಓದುತ್ತಾ, ಆ ಕ್ಷಣದವರೆಗೆ ಯಾರೂ ಕೇಳದ ಲೈಬ್ರರಿಯನ್ನು ಕೈಬಿಡುತ್ತದೆ. ಹೆಸರನ್ನು ಕೊನೆಗೆ ಸರಿಸಿದೊಡನೆ ಎಲ್ಲವೂ ಸರಿಹೋಯಿತು.

ಈ ದಾರಿಯ ಕೊರತೆಯೆಂದರೆ ಆವೃತ್ತಿ ಹಳೆಯದು, 2.0.20. ಪ್ರೊಜೆಕ್ಟರಿಗೆ ಜೋಡಿಸಿದಾಗ ಧ್ವನಿ ಯಾವ ಸಾಧನದಿಂದ ಹೊರಡುತ್ತಿದೆ ಎಂದು ಪ್ರೋಗ್ರಾಮಿನೊಳಗಿಂದಲೇ ತಿಳಿಯಬೇಕಾಗಿತ್ತು. ಅದಕ್ಕೆ ನೆರವಾಗುವ ‘ಎಸ್‌ಡಿಎಲ್_ಗೆಟ್‌ಡಿಫಾಲ್ಟ್‌ಆಡಿಯೋಇನ್ಫೋ’ ಎಂಬ ಫಂಕ್ಷನ್ ಬಂದದ್ದು 2.24ರಲ್ಲಿ. ಆದ್ದರಿಂದ ಎರಡನೇ ಕಂಪ್ಯೂಟರಿನಲ್ಲಿ 2.30ರ ಸೋರ್ಸನ್ನು ಇಳಿಸಿಕೊಂಡು ಕಾನ್ಫಿಗರ್, ಮೇಕ್, ಇನ್‌ಸ್ಟಾಲ್ ಎಂಬ ಮೂರು ಹಂತಗಳನ್ನು ಮುಗಿಸಿದೆವು. ಎಲ್ಲಿಯೂ ದೋಷ ಕಾಣಲಿಲ್ಲ, ಆದರೆ ಧ್ವನಿಯೇ ಇಲ್ಲ! ಲಿನಕ್ಸಿನಲ್ಲಿ ಧ್ವನಿಯನ್ನು ನಿಭಾಯಿಸುವ ಆಲ್ಸಾ ಮತ್ತು ಪಲ್ಸ್‌ಆಡಿಯೋಗಳ ಡೆವ್ ಪ್ಯಾಕೇಜುಗಳು ಆ ಕಂಪ್ಯೂಟರಿನಲ್ಲಿ ಇರಲಿಲ್ಲ. ಕಾನ್ಫಿಗರ್ ಅವುಗಳನ್ನು ಬಿಟ್ಟು ಸುಮ್ಮನೆ ಮುಂದುವರಿದಿತ್ತು. ಕೊನೆಯಲ್ಲಿ ಅದು ಮುದ್ರಿಸುವ ಆಡಿಯೋ ಡ್ರೈವರುಗಳ ಪಟ್ಟಿಯನ್ನು ನಾನು ಓದಿದ್ದರೆ ಆ ಸಂಜೆ ಉಳಿಯುತ್ತಿತ್ತು.

ಅವನ್ನು ಹಾಕಿ ಮತ್ತೆ ಕಟ್ಟಿದ ಮೇಲೆ ಇನ್ನೊಂದು ತೊಡಕು ಎದುರಾಯಿತು. ಕಂಪೈಲ್ ಆಯಿತು, ಲಿಂಕ್ ಆಯಿತು, ಓಡಿಸಿದಾಗ ಮಾತ್ರ ಆ ಹೊಸ ಫಂಕ್ಷನ್ನೇ ಸಿಗಲಿಲ್ಲವೆಂಬ ಸಂದೇಶ. ಪ್ರೋಗ್ರಾಮು ಯಾವ ಲೈಬ್ರರಿಗಳನ್ನು ಬಳಸುತ್ತದೆಂದು ತೋರಿಸುವ ಎಲ್‌ಡಿಡಿ ಆದೇಶ ಕೊಟ್ಟು ನೋಡಿದರೆ, ಪ್ರೋಗ್ರಾಮು /ಯುಎಸ್‌ಆರ್/ಲೋಕಲ್/ಲಿಬ್‌ನಲ್ಲಿದ್ದ ಹೊಸ ಲೈಬ್ರರಿಯನ್ನು ಬಿಟ್ಟು ಮೊದಲಿನಿಂದ ಇದ್ದ ಹಳೆಯದನ್ನೇ ಎತ್ತಿಕೊಳ್ಳುತ್ತಿತ್ತು, ಏಕೆಂದರೆ ಎರಡಕ್ಕೂ ಓಡುವಾಗಿನ ಹೆಸರು ಒಂದೇ. ಲೈಬ್ರರಿಗಳ ಪಟ್ಟಿಯನ್ನು ಹೊಸದಾಗಿ ಸಿದ್ಧಪಡಿಸುವ ‘ಸುಡೊ ಎಲ್‌ಡಿಕಾನ್ಫಿಗ್’ ಆದೇಶ ಕೊಟ್ಟ ಬಳಿಕ ಎಲ್‌ಡಿಡಿಯ ಸಾಲು ಬದಲಾಯಿತು, ಶಿಲಾಬಾಲಿಕೆಯ ಚಿತ್ರದೊಂದಿಗೆ ವಿವರಣೆಯೂ ಕೇಳಿಸಿತು.

ಕಲಿಯುವವರಿಗೆ ನಾನು ಹೇಳುವುದು ಪ್ಯಾಕೇಜನ್ನೇ. ಹೊಸ ಫಂಕ್ಷನ್ ನಿಜವಾಗಿ ಬೇಕಾದವರು ಮಾತ್ರ ಸೋರ್ಸಿಗೆ ಕೈಹಾಕಲಿ, ಮತ್ತು ಯಾವ ದಾರಿ ಹಿಡಿದರೂ ಲೈಬ್ರರಿಯ ಜಾಗವನ್ನು ಕೈಯಾರೆ ಬರೆಯದೆ ಎಸ್‌ಡಿಎಲ್ ಜೊತೆಗೇ ಬರುವ ‘ಎಸ್‌ಡಿಎಲ್2-ಕಾನ್ಫಿಗ್’ ಆದೇಶ ಕೊಡುವ ಫ್ಲ್ಯಾಗುಗಳನ್ನೇ (ಕಂಪೈಲರಿಗೆ ಕೊಡುವ ಸೂಚನೆಗಳನ್ನೇ) ಬಳಸಲಿ.