ವಿ.ಆರ್. ತರಬೇತಿಗೆ ಶುಲ್ಕ ಕಟ್ಟುವ ಮುನ್ನ: ಮಡಿಕೇರಿಯ ಒಂದು ಅನುಭವ

ಕುಶಾಲನಗರ, ಗೋಣಿಕೊಪ್ಪಲು, ವಿರಾಜಪೇಟೆ ಕಡೆಗಳಲ್ಲಿ ‘ವರ್ಚುವಲ್ ರಿಯಾಲಿಟಿ ಕಂಟೆಂಟ್ ಕ್ರಿಯೇಟರ್ ಆಗಿ, ಊರಲ್ಲೇ ಕುಳಿತು ಸಂಪಾದಿಸಿ’ ಎಂಬ ಕರಪತ್ರ ಮತ್ತೆ ಕಾಣಿಸಿಕೊಳ್ಳತೊಡಗಿದೆ. ವರ್ಚುವಲ್ ರಿಯಾಲಿಟಿ (ವಿ.ಆರ್.) ಎಂದರೆ ಕಣ್ಣಿಗೆ ಕಟ್ಟಿಕೊಳ್ಳುವ ಹೆಡ್‌ಸೆಟ್ ಎಂಬ ಸಾಧನದಲ್ಲಿ ಸುತ್ತಲೂ ಕಾಣುವ ದೃಶ್ಯಜಗತ್ತು. ಹೋಂಸ್ಟೇ ನಡೆಸುವ ಮನೆಗಳ ಮಕ್ಕಳು, ಪದವಿ ಮುಗಿಸಿಯೂ ಬೆಂಗಳೂರಿಗೆ ಹೋಗಲು ಮನಸ್ಸಿಲ್ಲದವರು, ಮದುವೆ ಫೋಟೊ ತೆಗೆಯುವ ಸ್ಟುಡಿಯೊದವರು ಮುಂತಾದವರನ್ನೇ ಹುಡುಕಿ ಇದನ್ನು ಹಂಚುತ್ತಾರೆ. ಇಂಥದೇ ತರಬೇತಿಯೊಂದಕ್ಕೆ ಮಡಿಕೇರಿಯಲ್ಲಿ ಸೇರಿದ್ದ ನಾನು ಅದರ ಸಾಲದ ಕಂತನ್ನು ಇನ್ನೂ ಕಟ್ಟುತ್ತಿದ್ದೇನೆ. ಆ ಸಂಸ್ಥೆಯ ಮೇಲೆ ನಾನು ಕೊಟ್ಟ ದೂರು ವಿಚಾರಣೆಯಲ್ಲಿರುವುದರಿಂದ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬರೆದರೂ ಹೆಚ್ಚು ಪ್ರಯೋಜನವಿಲ್ಲ, ಏಕೆಂದರೆ ಫಲಕ ಬದಲಾಯಿಸಿಕೊಂಡು ಬೇರೆ ಊರಿನಲ್ಲಿ ಬಾಗಿಲು ತೆರೆಯುವುದು ಇಂಥವರಿಗೆ ಒಂದು ವಾರದ ಕೆಲಸ. ಆದ್ದರಿಂದ ಅವರು ಏನನ್ನು ತೋರಿಸಿ ಏನನ್ನು ಮಾರುತ್ತಾರೆ ಎಂಬುದನ್ನೇ ವಿವರವಾಗಿ ಬರೆಯುತ್ತೇನೆ.

ಮೊದಲಿಗೆ ಹೋಟೆಲೊಂದರ ಸಭಾಂಗಣದಲ್ಲಿ ಉಚಿತ ಸೆಮಿನಾರ್ ನಡೆಯಿತು. ಅಲ್ಲಿ ಹೇಳಿದ್ದರಲ್ಲಿ ಹೆಚ್ಚಿನದು ಸತ್ಯವೇ ಆಗಿತ್ತು, ಮತ್ತು ಜನ ನಂಬಲು ಅದೇ ಕಾರಣ. 2014ರಲ್ಲಿ ಫೇಸ್‌ಬುಕ್ ಕಂಪನಿ ಆಕ್ಯುಲಸ್ ಎಂಬ ಹೆಡ್‌ಸೆಟ್ ಕಂಪನಿಯನ್ನು ಸುಮಾರು 200 ಕೋಟಿ ಡಾಲರಿಗೆ ಕೊಂಡದ್ದು ನಿಜ. ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್‌ಗಳ ಜೊತೆಗೆ ವಿ.ಆರ್. ಮುಂತಾದವನ್ನೂ ಸೇರಿಸಿ ಕರ್ನಾಟಕ ಸರಕಾರ 2024ರ ಜನವರಿಯಲ್ಲಿ ಎವಿಜಿಸಿ-ಎಕ್ಸ್‌ಆರ್ ನೀತಿಯನ್ನು ಬಿಡುಗಡೆ ಮಾಡಿದ್ದೂ ನಿಜ. ಆ ನೀತಿಯ ಮುಖಪುಟವನ್ನು ಪರದೆಯ ಮೇಲೆ ತೋರಿಸಿ, ಅದರ ಪಕ್ಕದಲ್ಲೇ ತಮ್ಮ ಲಾಂಛನವನ್ನು ಇಟ್ಟಿದ್ದರು. ಇವೆರಡಕ್ಕೂ ಸಂಬಂಧವಿದೆ ಎಂದು ಅವರು ಬಾಯಿಬಿಟ್ಟು ಹೇಳಲೇ ಇಲ್ಲ. ಕೂತವರು ತಾವೇ ಹಾಗೆ ಭಾವಿಸಿಕೊಂಡರು. ಸರಕಾರದ ನೀತಿಯೊಂದು ಜಾರಿಯಲ್ಲಿದ್ದ ಮಾತ್ರಕ್ಕೆ ಅದರ ಚಿತ್ರ ತೋರಿಸಿದ ಸಂಸ್ಥೆಗೆ ಮಾನ್ಯತೆ ಬರುವುದಿಲ್ಲ. ಮಾನ್ಯತೆ ಇದೆ ಎನ್ನುವವರು ಆದೇಶದ ಸಂಖ್ಯೆಯನ್ನು ಕೊಡಬಲ್ಲರು, ಇಲ್ಲದವರು ಮಾತನ್ನು ಬೇರೆಡೆಗೆ ತಿರುಗಿಸುತ್ತಾರೆ.

ಮುಖ್ಯವಾದ ಮೋಸ ಪಠ್ಯಕ್ರಮದಲ್ಲಿತ್ತು. ವಿ.ಆರ್. ಎಂದು ಸಾಮಾನ್ಯವಾಗಿ ಕರೆಯುವುದರಲ್ಲಿ ಎರಡು ಬಗೆಯ ಕೆಲಸಗಳಿವೆ. ಒಂದು, 360 ಡಿಗ್ರಿ ವಿಡಿಯೊ: ಎರಡು ಮೀನುಗಣ್ಣಿನ ಲೆನ್ಸ್‌ಗಳಿರುವ ಕ್ಯಾಮೆರಾ ಸುತ್ತಲಿನ ಎಲ್ಲವನ್ನೂ ಒಮ್ಮೆಗೇ ಚಿತ್ರಿಸುತ್ತದೆ, ನೋಡುವವರು ತಲೆ ತಿರುಗಿಸಿದ ಕಡೆಗೆ ದೃಶ್ಯ ತಿರುಗುತ್ತದೆ, ಅಷ್ಟೇ. ಇನ್ನೊಂದು, ಕಂಪ್ಯೂಟರಿನಲ್ಲಿ ಕಟ್ಟಿದ ತ್ರೀಡಿ ಜಗತ್ತು: ಅಲ್ಲಿ ನೋಡುವವರು ಹೆಜ್ಜೆ ಇಡಬಹುದು, ಬಗ್ಗಬಹುದು, ವಸ್ತುವನ್ನು ಕೈಯಲ್ಲಿ ಎತ್ತಿಕೊಳ್ಳಬಹುದು. ಈ ಎರಡನೆಯದನ್ನು ಮಾಡಲು ಬ್ಲೆಂಡರ್‌ನಂಥ ಸಾಫ್ಟ್‌ವೇರಿನಲ್ಲಿ ವಸ್ತುಗಳ ಮಾದರಿ ಕಟ್ಟಬೇಕು, ಗೇಮ್‌ಗಳನ್ನು ಕಟ್ಟಲು ಬಳಸುವ ಯೂನಿಟಿ ಅಥವಾ ಅನ್‌ರಿಯಲ್ ಎಂಜಿನ್‌ನಲ್ಲಿ ಅವುಗಳನ್ನು ಜೋಡಿಸಬೇಕು, ಯೂನಿಟಿಯಾದರೆ ಸಿ ಶಾರ್ಪ್ ಭಾಷೆಯಲ್ಲಿ ಕೋಡ್ ಬರೆಯಬೇಕು. ಇದರ ಮೇಲೆ, ಮೆಟಾ (ಹಿಂದಿನ ಫೇಸ್‌ಬುಕ್) ಕಂಪನಿಯ ಕ್ವೆಸ್ಟ್ ಮಾದರಿಯ ಹೆಡ್‌ಸೆಟ್‌ನಲ್ಲಿ ಸೆಕೆಂಡಿಗೆ ಕನಿಷ್ಠ 72 ಚಿತ್ರಗಳು ಮೂಡಬೇಕು, ಅಂದರೆ ಒಂದೊಂದು ಚಿತ್ರವೂ 14 ಮಿಲಿಸೆಕೆಂಡಿನೊಳಗೆ ಸಿದ್ಧವಾಗಬೇಕು. ಆ ಮಿತಿಯೊಳಗೆ ಹೊಂದುವಂತೆ ಮಾದರಿಗಳನ್ನು ಹಗುರ ಮಾಡುವುದೇ ಈ ಉದ್ಯೋಗದ ಅರ್ಧ ಕೆಲಸ. ಸೆಮಿನಾರಿನಲ್ಲಿ ನಮಗೆ ತೋರಿಸಿದ್ದು ಎರಡನೆಯ ಬಗೆಯದನ್ನು, ಹಣ ಕಟ್ಟಿಸಿಕೊಂಡ ಮೇಲೆ ಕಲಿಸಿದ್ದು ಮೊದಲನೆಯದನ್ನು, ಅದೂ ಅರೆಬರೆಯಾಗಿ. 360 ಡಿಗ್ರಿ ವಿಡಿಯೊ ಕೀಳು ಎಂದು ನಾನು ಹೇಳುತ್ತಿಲ್ಲ. ಪ್ರವಾಸೋದ್ಯಮವನ್ನೇ ನೆಚ್ಚಿಕೊಂಡ ನಮ್ಮ ಜಿಲ್ಲೆಯಲ್ಲಿ ಅದಕ್ಕೂ ಬೇಡಿಕೆಯಿದೆ. ಆದರೆ ಅದರ ಹೆಸರು ಹೇಳಿ, ಅದಕ್ಕೆ ತಕ್ಕ ಶುಲ್ಕ ಪಡೆಯಬೇಕಿತ್ತು.

‘ವಿ.ಆರ್. ಕಿಟ್’ ಎಂದು ಶುಲ್ಕದಲ್ಲಿ ಹಲವು ಸಾವಿರ ರೂಪಾಯಿ ಸೇರಿಸಿದ್ದರು. ಕೈಗೆ ಬಂದದ್ದು ಮೊಬೈಲನ್ನು ಒಳಗೆ ಸಿಕ್ಕಿಸಿ ನೋಡುವ, ಎರಡು ಮಸೂರಗಳ ಪ್ಲಾಸ್ಟಿಕ್ ಪೆಟ್ಟಿಗೆ. ಗೂಗಲ್ 2014ರಲ್ಲಿ ರಟ್ಟಿನಲ್ಲಿ ತಂದ ಕಾರ್ಡ್‌ಬೋರ್ಡ್ ಎಂಬ ಸಾಧನದ ಕ್ರಮವೇ ಅದು. ಅದನ್ನು ಗೂಗಲ್ 2021ರಲ್ಲೇ ಮಾರುವುದನ್ನು ನಿಲ್ಲಿಸಿದೆ. ನಿಜವಾದ ಹೆಡ್‌ಸೆಟ್ ಇಡೀ ಬ್ಯಾಚಿಗೆ ಒಂದೇ ಇತ್ತು, ಅದೂ ಬಹುತೇಕ ಚಾರ್ಜ್ ಆಗದ ಸ್ಥಿತಿಯಲ್ಲಿರುತ್ತಿತ್ತು.

ಪಾಠ ಹೇಳುವವರಿಗೆ ವಿಷಯ ಗೊತ್ತಿಲ್ಲ ಎಂಬುದು ತೋಟದಲ್ಲಿ ಚಿತ್ರೀಕರಣ ಮಾಡಿದ ದಿನ ಸ್ಪಷ್ಟವಾಯಿತು. ರೋಬಸ್ಟಾ ಕಾಫಿ ಗಿಡಗಳ ಸಾಲುಗಳ ನಡುವೆ ಟ್ರೈಪಾಡ್ ನಿಲ್ಲಿಸಿ ತೆಗೆದ ವಿಡಿಯೊದಲ್ಲಿ ಹಣ್ಣಿನ ಗೊಂಚಲುಗಳು ಅರ್ಧಕ್ಕೆ ತುಂಡಾಗಿದ್ದವು, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರವೊಂದು ನಡುವಿನಿಂದ ಸೀಳಿ ಎರಡು ಕಡೆಗೆ ಜಾರಿದಂತೆ ಕಾಣುತ್ತಿತ್ತು. ಕಾರಣ ಸರಳವಾದದ್ದು. ಕ್ಯಾಮೆರಾದ ಎರಡು ಲೆನ್ಸ್‌ಗಳು ಒಂದೇ ಬಿಂದುವಿನಲ್ಲಿಲ್ಲ. ಅವುಗಳ ನಡುವೆ ಸ್ವಲ್ಪ ಅಂತರವಿರುತ್ತದೆ. ದೂರದ ಬೆಟ್ಟಕ್ಕೆ ಆ ಅಂತರ ಲೆಕ್ಕಕ್ಕಿಲ್ಲ, ಆದರೆ ಕೈಗೆಟುಕುವ ದೂರದಲ್ಲಿರುವ ರೆಂಬೆ ಒಂದೊಂದು ಲೆನ್ಸಿಗೂ ಒಂದೊಂದು ಕಡೆ ಕಾಣುತ್ತದೆ, ಹಾಗಾಗಿ ಎರಡು ಚಿತ್ರಗಳನ್ನು ಹೊಲಿಯುವ ಗೆರೆಯಲ್ಲಿ ಅದು ಮುರಿಯುತ್ತದೆ. ಕ್ಯಾಮೆರಾವನ್ನು ಸ್ವಲ್ಪ ತಿರುಗಿಸಿ ಆ ಗೆರೆಯನ್ನು ಖಾಲಿ ಜಾಗದ ಕಡೆಗೆ ಬರುವಂತೆ ಮಾಡುವುದು, ಅಥವಾ ಗಿಡಗಳ ಸಂದಿಯನ್ನು ಬಿಟ್ಟು ಕಾಫಿ ಒಣಗಿಸುವ ಕಣದಂಥ ತೆರೆದ ಜಾಗವನ್ನು ಆರಿಸಿಕೊಳ್ಳುವುದು ಪರಿಹಾರ. ನಮ್ಮ ಬೋಧಕರು ಕೊಟ್ಟ ಉತ್ತರ, ‘ಹೆಡ್‌ಸೆಟ್‌ನ ದೋಷ, ಅಪ್‌ಡೇಟ್ ಬಂದರೆ ಸರಿಹೋಗುತ್ತದೆ’ ಎಂದಾಗಿತ್ತು.

ಚಿತ್ರ ಮಸುಕಾಗಿದೆ ಎಂದಾಗಲೂ ಅದೇ ಉತ್ತರ. ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಅಚ್ಚಾದ 5.7ಕೆ ಎಂದರೆ ಸುತ್ತಲಿನ 360 ಡಿಗ್ರಿಗೆಲ್ಲ ಸೇರಿ ಅಡ್ಡಲಾಗಿ 5,760 ಪಿಕ್ಸೆಲ್. ಹೆಡ್‌ಸೆಟ್ ಹಾಕಿದವರ ಕಣ್ಣಿಗೆ ಒಂದು ಸಲಕ್ಕೆ ಬೀಳುವುದು ಅದರ ಕಾಲು ಭಾಗ, ಅಂದರೆ 1,440 ಪಿಕ್ಸೆಲ್‌ನ ಆಸುಪಾಸು. ಅಷ್ಟನ್ನೇ ಕಣ್ಣಿಗೆ ಅಂಟಿಕೊಂಡ ಪರದೆಯಲ್ಲಿ ಹಿಗ್ಗಿಸಿ ನೋಡಿದರೆ ಮಸುಕಾಗದೆ ಇನ್ನೇನಾಗುತ್ತದೆ? ಈ ಭಾಗಾಕಾರವನ್ನು ಮೊದಲ ತರಗತಿಯಲ್ಲೇ ಹೇಳಿಕೊಡಬಹುದಿತ್ತು.

ಇನ್ನು ಮಡಿಕೇರಿ ಬಳಿಯ ಮಾಂದಲಪಟ್ಟಿ ಬೆಟ್ಟದ ಜೀಪ್ ಸವಾರಿಯ ವಿಷಯ. ಅಂತಿಮ ಪ್ರಾಜೆಕ್ಟ್ ಎಂದು ಜೀಪಿನ ಮೇಲೆ ಕ್ಯಾಮೆರಾ ಕಟ್ಟಿಸಿ, ಆ ಹೊಂಡಗಳ ದಾರಿಯುದ್ದಕ್ಕೂ ಚಿತ್ರೀಕರಣ ಮಾಡಿಸಿದರು. ಅದನ್ನು ನಮ್ಮ ಪಕ್ಕದ ಹೋಂಸ್ಟೇ ನಡೆಸುವ ಅಕ್ಕನಿಗೆ ತೋರಿಸಿದಾಗ ಅವರು ಒಂದು ತಿರುವು ಕಳೆಯುವುದರೊಳಗೆ ‘ಬೇಡ ಮಾರಾಯ್ತಿ, ತಲೆ ತಿರುಗ್ತದೆ, ತೆಗಿ ಇದನ್ನು’ ಎಂದು ಕುರ್ಚಿಯ ಕೈ ಹಿಡಿದುಕೊಂಡರು. ಕಣ್ಣು ಚಲಿಸುತ್ತಿದ್ದೇನೆ ಎನ್ನುತ್ತದೆ, ಒಳಕಿವಿ ಕುಳಿತಲ್ಲೇ ಇದ್ದೇನೆ ಎನ್ನುತ್ತದೆ; ಈ ವಿರೋಧದಿಂದಲೇ ವಾಕರಿಕೆ ಬರುತ್ತದೆ. ನೋಡುವವರ ಹತೋಟಿಯಲ್ಲಿಲ್ಲದ ಚಲನೆಯನ್ನು, ಅದರಲ್ಲೂ ಕುಲುಕಾಟವನ್ನು ಆದಷ್ಟು ದೂರವಿಡಬೇಕು ಎಂಬುದು ಈ ಕ್ಷೇತ್ರದ ಮೊದಲ ಪಾಠಗಳಲ್ಲಿ ಒಂದು. ಅದನ್ನು ತಿಳಿಯದವರು ಪ್ರಮಾಣಪತ್ರಕ್ಕೆ ಸಹಿ ಹಾಕುತ್ತಿದ್ದರು.

ಇಷ್ಟಾದರೂ ಏನೋ ಒಂದಿಷ್ಟು ಕಲಿತೆವು ಎಂದು ಸುಮ್ಮನಿರಬಹುದಿತ್ತು. ಸುಮ್ಮನಿರಲು ಸಾಧ್ಯವಾಗದ ಸಂಗತಿ ತರಬೇತಿ ಮುಗಿದ ಮೇಲೆ ತಿಳಿಯಿತು. ನಾವು ಮಾಡಿದ ಎಲ್ಲ ಪ್ರವಾಸ ದೃಶ್ಯಗಳೂ ಸಂಸ್ಥೆಯದೇ ಒಂದು ಆನ್‌ಲೈನ್ ವೇದಿಕೆಯಲ್ಲಿದ್ದವು. ಕ್ಯಾಮೆರಾದ ಮೂಲ ಕಡತಗಳನ್ನು ತರಗತಿಯ ಕಂಪ್ಯೂಟರಿಗೆ ಹಾಕಿಸಿ, ಮೆಮೊರಿ ಕಾರ್ಡನ್ನು ಪ್ರತಿ ಸಲವೂ ಖಾಲಿ ಮಾಡಿ ಹಿಂದಿರುಗಿಸುತ್ತಿದ್ದರು. ಪರಿಚಯದ ಹೋಂಸ್ಟೇಗಳಿಗೆ ನಾನು ಮಾಡಿಕೊಟ್ಟಿದ್ದ ಲಿಂಕ್‌ಗಳು ವಾರ್ಷಿಕ ಚಂದಾ ಕಟ್ಟದಿದ್ದರೆ ತೆರೆಯುವುದಿಲ್ಲ ಎಂಬ ಸಂದೇಶ ಬಂತು. ಕೆಲಸವನ್ನು ಹೊರತೆಗೆಯುವ ವ್ಯವಸ್ಥೆಯೇ ಆ ವೇದಿಕೆಯಲ್ಲಿರಲಿಲ್ಲ. ಮನೆ ಕಟ್ಟಿಸಿದ ಮೇಲೆ ಬೀಗದ ಕೈಯನ್ನು ಮೇಸ್ತ್ರಿಯೇ ಇಟ್ಟುಕೊಂಡು ತಿಂಗಳ ಬಾಡಿಗೆ ಕೇಳಿದಂತಾಯಿತು.

ಈ ಕ್ಷೇತ್ರದಲ್ಲಿ ದೊಡ್ಡ ಕಂಪನಿಗಳ ವೇದಿಕೆಗಳೇ ಉಳಿಯುವುದಿಲ್ಲ ಎಂಬುದನ್ನು ಸೇರುವವರು ತಿಳಿದಿರಬೇಕು. 360 ಡಿಗ್ರಿ ಪ್ರವಾಸ ಕಟ್ಟಲು ಇದ್ದ ಗೂಗಲ್‌ನ ಟೂರ್ ಕ್ರಿಯೇಟರ್, ತ್ರೀಡಿ ಮಾದರಿಗಳ ಸಂಗ್ರಹವಾಗಿದ್ದ ಪಾಲಿ, ಇವೆರಡೂ 2021ರ ಜೂನ್‌ನಲ್ಲಿ ಮುಚ್ಚಿದವು. ವಿ.ಆರ್.ನಲ್ಲಿ ಜನ ಒಟ್ಟು ಸೇರುವ ತಾಣವಾಗಿದ್ದ ಮೈಕ್ರೋಸಾಫ್ಟ್‌ನ ಆಲ್ಟ್‌ಸ್ಪೇಸ್ 2023ರ ಮಾರ್ಚ್‌ನಲ್ಲಿ ನಿಂತಿತು. ಅಂಥದೇ ಆದ ಮೊಝಿಲ್ಲಾದ ಹಬ್ಸ್ ಸೇವೆ 2024ರ ಮೇ ತಿಂಗಳಲ್ಲಿ ಕೊನೆಗೊಂಡಿತು, ಆದರೆ ಅದರ ಕೋಡ್ ಮುಕ್ತವಾಗಿದ್ದುದರಿಂದ ಬೇಕಾದವರು ಸ್ವಂತ ಸರ್ವರ್‌ನಲ್ಲಿ ಮುಂದುವರಿಸಲು ಸಾಧ್ಯವಾಯಿತು. ವೇದಿಕೆ ಯಾರದ್ದೇ ಇರಲಿ, ಮೂಲ ವಿಡಿಯೊ, ಹೊಲಿದ ವಿಡಿಯೊ ಮತ್ತು ಪ್ರಾಜೆಕ್ಟಿನ ಕಡತ ನಮ್ಮ ಹಾರ್ಡ್ ಡಿಸ್ಕಿನಲ್ಲಿದ್ದರೆ ಇನ್ನೊಂದು ಕಡೆ ಮತ್ತೆ ಕಟ್ಟಬಹುದು, ಇಲ್ಲದಿದ್ದರೆ ಶೂನ್ಯದಿಂದ ಆರಂಭಿಸಬೇಕು.

ನಮ್ಮ ದೃಶ್ಯಗಳನ್ನು ಸಂಸ್ಥೆಯವರು ತಮ್ಮ ಜಾಹೀರಾತಿನಲ್ಲೂ ಬಳಸಿಕೊಂಡರು. ಕೇಳಿದಾಗ ಪ್ರವೇಶ ಪತ್ರದ ಹಿಂಬದಿಯ ಸಣ್ಣ ಅಕ್ಷರಗಳನ್ನು ತೋರಿಸಿದರು: ವಿದ್ಯಾರ್ಥಿ ಮಾಡಿದ ಕೆಲಸದ ಹಕ್ಕು ಸಂಸ್ಥೆಯದು ಎಂದು ಅಲ್ಲಿತ್ತು. ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಇಂಥ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷ ಎಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತದೊಳಗೆ ಮಾತ್ರ ಎಂದೂ ಭಾವಿಸಲಾಗುತ್ತದೆ. ಆ ಐದು ವರ್ಷವೂ ಕಡಿಮೆಯೇನಲ್ಲ. ಆ ಸಾಲನ್ನು ಹೊಡೆದುಹಾಕಿ ಇಬ್ಬರೂ ಸಹಿ ಮಾಡುವವರೆಗೆ ಹಣ ಕಟ್ಟಬೇಡಿ.

ಸಾಲದ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲಿಯೇ. ‘ನೋ ಕಾಸ್ಟ್ ಇಎಂಐ, ತಿಂಗಳಿಗೆ ಇಷ್ಟು ಕಟ್ಟಿದರೆ ಸಾಕು’ ಎಂದು ಹೇಳಿ, ಆಧಾರ್ ಮತ್ತು ಪ್ಯಾನ್ ಸಂಖ್ಯೆ ಪಡೆದು, ಮೊಬೈಲಿಗೆ ಬಂದ ಒಟಿಪಿ ಹೇಳಿಸಿಕೊಂಡರು. ಶುಲ್ಕವನ್ನು ಕಂತಿನಲ್ಲಿ ಸಂಸ್ಥೆಗೆ ಕಟ್ಟುತ್ತಿದ್ದೇವೆ ಎಂದು ನಾವೆಲ್ಲ ತಿಳಿದಿದ್ದೆವು. ವಾಸ್ತವದಲ್ಲಿ ಹಣಕಾಸು ಕಂಪನಿಯೊಂದು ನನ್ನ ಹೆಸರಿನಲ್ಲಿ ಸಾಲ ಮಂಜೂರು ಮಾಡಿ ಇಡೀ ಮೊತ್ತವನ್ನು ಸಂಸ್ಥೆಗೆ ಮುಂಚಿತವಾಗಿಯೇ ಪಾವತಿಸಿತ್ತು. ತರಗತಿ ನಿಂತರೂ ಕಂತು ನಿಲ್ಲುವುದಿಲ್ಲ, ಕಟ್ಟದಿದ್ದರೆ ಸಿಬಿಲ್ ಅಂಕ ಕುಸಿಯುತ್ತದೆ, ಮುಂದೆ ತೋಟಕ್ಕೋ ಮನೆಗೋ ಬ್ಯಾಂಕಿನಲ್ಲಿ ಸಾಲ ಕೇಳಿದಾಗ ಅದೇ ಅಡ್ಡ ಬರುತ್ತದೆ. ಆ್ಯಪ್ ಮೂಲಕ ಕೊಡುವ ಸಾಲಗಳಿಗೆ ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿದೆ. ಸಹಿಗೆ ಮುಂಚೆ ವಾರ್ಷಿಕ ಬಡ್ಡಿ ಮತ್ತು ಎಲ್ಲ ವೆಚ್ಚಗಳನ್ನು ತೋರಿಸುವ ಮುಖ್ಯಾಂಶಗಳ ಪತ್ರವನ್ನು ಕೊಡಬೇಕು. ಸಾಲ ಬೇಡವೆನಿಸಿದವರು ನಿಗದಿತ ಅಲ್ಪಾವಧಿಯೊಳಗೆ ಅಸಲನ್ನೂ ಅಷ್ಟು ದಿನಗಳ ಬಡ್ಡಿಯನ್ನೂ ಹಿಂದಿರುಗಿಸಿ ದಂಡವಿಲ್ಲದೆ ಹೊರಬರಲು ಅವಕಾಶವಿರಬೇಕು. ಒಟಿಪಿ ಹೇಳಿದ ದಿನವೇ ಆ ಪತ್ರವನ್ನು ಕೇಳಿ ಪಡೆದು ಓದಿದರೆ ಈ ಅವಕಾಶ ಕೈತಪ್ಪುವುದಿಲ್ಲ.

ಈಗಾಗಲೇ ಸಿಕ್ಕಿಕೊಂಡಿರುವವರು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ದೂರು ದಾಖಲಿಸಬಹುದು. ಅದರಿಂದ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಪಾವತಿಸಿದ ಮೊತ್ತ ಐದು ಲಕ್ಷ ರೂಪಾಯಿಯೊಳಗಿದ್ದರೆ ಅಲ್ಲಿ ದೂರಿಗೆ ಶುಲ್ಕವಿಲ್ಲ, ವಕೀಲರಿಲ್ಲದೆಯೂ ವಾದಿಸಬಹುದು. ಕರಪತ್ರ, ವಾಟ್ಸ್ಆ್ಯಪ್ ಸಂದೇಶಗಳು, ರಸೀದಿ, ವೇಳಾಪಟ್ಟಿ, ಎಲ್ಲವನ್ನೂ ಉಳಿಸಿಕೊಳ್ಳಿ. ನನ್ನ ಪ್ರಕರಣದಲ್ಲಿ ಬಾಯಿಮಾತಿನಲ್ಲಿ ಕೊಟ್ಟ ಉದ್ಯೋಗದ ಭರವಸೆಗೆ ಬೆಲೆ ಬಂದದ್ದು, ಅದನ್ನೇ ಅವರ ಸಿಬ್ಬಂದಿಯೊಬ್ಬರು ಸಂದೇಶದಲ್ಲಿ ಬರೆದು ಕಳುಹಿಸಿದ್ದರಿಂದ ಮಾತ್ರ.

ಕಲಿಯುವ ಆಸೆಯಿರುವವರು ಹಣ ಕಟ್ಟುವ ಮೊದಲು ಕೆಲವು ತಿಂಗಳು ಉಚಿತವಾಗಿ ಕಲಿತು ನೋಡಬಹುದು. ಬ್ಲೆಂಡರ್ ಸಂಪೂರ್ಣ ಉಚಿತ. ಯೂನಿಟಿಯ ವೈಯಕ್ತಿಕ ಆವೃತ್ತಿಗೂ ಆರಂಭಿಕರು ಹಣ ಕೊಡಬೇಕಿಲ್ಲ, ಅದರ ಕಲಿಕಾ ತಾಣದಲ್ಲಿ ವಿ.ಆರ್. ಪಾಠಗಳೇ ಪ್ರತ್ಯೇಕವಾಗಿವೆ. ಉಚಿತ ಆನ್‌ಲೈನ್ ಪಾಠಗಳ ತಾಣವಾದ ಎನ್‌ಪಿಟಿಇಎಲ್‌ನಲ್ಲಿ ವಿ.ಆರ್. ಬಗ್ಗೆ ಐಐಟಿ ಮದ್ರಾಸ್‌ನ ಉಪನ್ಯಾಸಗಳಿವೆ. ಹೋಂಸ್ಟೇಗಳಿಗೆ 360 ಡಿಗ್ರಿ ಪ್ರವಾಸ ಮಾಡಿಕೊಡುವುದಷ್ಟೇ ಉದ್ದೇಶವಾದರೆ ಪ್ಯಾನೆಲ್ಲಮ್ ಎಂಬ ಮುಕ್ತ ಸಾಫ್ಟ್‌ವೇರಿನಿಂದ ಸ್ವಂತ ಜಾಲತಾಣದಲ್ಲೇ ಇಡಬಹುದು, ಯಾರಿಗೂ ಚಂದಾ ಕಟ್ಟುವ ಅಗತ್ಯವಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ನೆಟ್‌ವರ್ಕೂ ಹೋಗುತ್ತವೆ ಎಂಬುದು ಗೊತ್ತಿರುವ ವಿಷಯ. ಪಾಠಗಳನ್ನು ಬೇಸಿಗೆಯಲ್ಲೇ ಇಳಿಸಿಟ್ಟುಕೊಳ್ಳುವುದು ಒಳಿತು.

ಇಷ್ಟಾದ ಮೇಲೂ ತರಗತಿಗೆ ಸೇರಬೇಕೆನಿಸಿದರೆ, ಸೆಮಿನಾರಿನ ದಿನವೇ ಅವರ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಕೆಲಸವನ್ನು ಹೆಡ್‌ಸೆಟ್‌ನಲ್ಲಿ ಹಾಕಿಸಿಕೊಂಡು, ಕುರ್ಚಿಯಿಂದ ಎದ್ದು ಎರಡು ಹೆಜ್ಜೆ ಮುಂದೆ ನಡೆಯಿರಿ. ಎದುರಿನ ಮೇಜು ಹತ್ತಿರ ಬಂದರೆ ಅದು ಕಟ್ಟಿದ ಜಗತ್ತು. ಇಡೀ ಕೋಣೆಯೇ ತಲೆಗೆ ಅಂಟಿಕೊಂಡಂತೆ ನಿಮ್ಮ ಜೊತೆಗೇ ಬಂದರೆ ಅದು 360 ಡಿಗ್ರಿ ವಿಡಿಯೊ, ಆಗ ಶುಲ್ಕದ ಮಾತನ್ನು ಆ ಲೆಕ್ಕದಲ್ಲೇ ಆಡಿ. ಅದರ ಪ್ರಾಜೆಕ್ಟ್ ಕಡತ ಈಗ ಆ ವಿದ್ಯಾರ್ಥಿಯ ಬಳಿ ಇದೆಯೇ ಎಂದು, ಸಾಧ್ಯವಾದರೆ ಆ ವಿದ್ಯಾರ್ಥಿಯನ್ನೇ ಕೇಳಿ.